ಪದಚರ್ಚೆ: ಗುಡ್ಡದ ಸೈಕಲ್ ಓಡುವ ‘ಟ್ರೇಲ್’ಗೆ ಕಾಲುದಾರಿ ಅನ್ನೋಣವೇ, ಜಾಡು ಅನ್ನೋಣವೇ?

ಎಲ್ಲರಿಗೂ ನಮಸ್ಕಾರ. ಗಂಗಾವತಿಯಿಂದ ಬರೆಯುತ್ತಿದ್ದೇನೆ. ಒಂದು ಪದ ಹದಿನೈದು ದಿನದಿಂದ ಕಾಡುತ್ತಿದೆ, ನಿಮ್ಮ ಸಹಾಯ ಬೇಕು.

ಈ ಸಲ ರಜೆಗೆ ನಾನೂ ನನ್ನ ತಮ್ಮನೂ ಮಾರಿಷಸ್‌ಗೆ ಹೋಗಿದ್ದೆವು. ಸಮುದ್ರದ ದಂಡೆಯಲ್ಲಿ ಕೂತದ್ದು ಕಮ್ಮಿ. ಬಾಡಿಗೆಗೆ ಮೌಂಟೇನ್ ಬೈಕ್ ತಗೊಂಡು ನೈಋತ್ಯದ ಶಾಮರೆಲ್ ಕಡೆಯ ಗುಡ್ಡಗಳಲ್ಲಿ ಸುತ್ತಿದ್ದೇ ಜಾಸ್ತಿ. ಆನೆಗೊಂದಿ, ಸಣಾಪುರದ ಬಂಡೆಗಳ ನಡುವೆ ನಮ್ಮ ಜೊತೆ ಸೈಕಲ್ ಹೊಡೆಯುವ ಗೆಳೆಯರಿಗಾಗಿ ಅದನ್ನು ಕನ್ನಡದಲ್ಲೇ ಬರೆಯೋಣ ಅಂತ ಕೂತೆ. ಮೊದಲ ಸಾಲಲ್ಲೇ ‘ಟ್ರೇಲ್’ ಬಂತು, ಅಲ್ಲೇ ನಿಂತೆ.

ಮೊದಲು ಹೊಳೆದದ್ದು ಕಾಲುದಾರಿ. ತಮ್ಮ ಓದಿ ಕೇಳಿದ: “ಕಾಲುದಾರಿ ಅಂದ್ರ ನಡಿಯೋ ದಾರಿ ಅಲ್ಲೇನಕ್ಕ, ಅದ್ರಾಗ ಸೈಕಲ್ ಹೆಂಗ ಓಡಸ್ತಿ?” ಅವನ ಮಾತು ಸುಮ್ನೆ ತೆಗೆದುಹಾಕುವಂಥದ್ದಲ್ಲ. ನಮ್ಮೂರಲ್ಲಿ ಇನ್ನೊಂದು ತೊಡಕೂ ಇದೆ. ತುಂಗಭದ್ರಾ ಎಡದಂಡೆ ಕಾಲುವೆಯ ಗುಂಟ ಹೋಗುವ ದಾರಿಗೆ ಜನ ‘ಕಾಲ್ವಿ ದಾರಿ’ ಅನ್ನುತ್ತಾರೆ, ಬೇಗ ಬೇಗ ಹೇಳಿದರೆ ಎರಡೂ ಒಂದೇ ಥರ ಕೇಳುತ್ತವೆ.

ಆಮೇಲೆ ನಮ್ಮ ಹೊಲದ ಕಾಗದಗಳು ನೆನಪಾದವು. ಗ್ರಾಮ ನಕಾಶೆಯಲ್ಲಿ ರಸ್ತೆ, ಬಂಡಿದಾರಿ, ಕಾಲುದಾರಿ ಅಂತ ಬೇರೆ ಬೇರೆಯಾಗಿ ತೋರಿಸಿರುತ್ತಾರೆ, ದಾರಿಯ ತಂಟೆ ಬಂದರೆ ಎಲ್ಲರೂ ಮೊದಲು ನೋಡುವುದು ಅದನ್ನೇ. ಈ ಪದಗಳು ಮಾರಿಷಸ್‌ಗೆ ಎಷ್ಟು ಸರಿಯಾಗಿ ಹೊಂದುತ್ತವೆ ಅಂದರೆ ನನಗೇ ಖುಷಿಯಾಯಿತು. ಅಲ್ಲಿ ಕಬ್ಬಿನ ಹೊಲಗಳ ನಡುವೆ ಟ್ರಾಕ್ಟರು ಓಡಾಡುವ ಮಣ್ಣಿನ ದಾರಿಗಳಿವೆ. ಎರಡು ಗಾಲಿಯ ಗುರುತು, ನಡುವೆ ಹುಲ್ಲು, ಪಕ್ಕದಲ್ಲಿ ಹೊಲದಿಂದ ಆರಿಸಿ ಗುಡ್ಡೆ ಹಾಕಿದ ಕರಿಕಲ್ಲು. ಅದು ಜ್ವಾಲಾಮುಖಿಯಿಂದ ಎದ್ದ ದ್ವೀಪ, ಹಾಗಾಗಿ ಕಲ್ಲೆಲ್ಲ ಕಪ್ಪು ಬಸಾಲ್ಟ್. ಇಂಥದ್ದಕ್ಕೆ ಸೈಕಲ್‌ನವರು ‘ಡಬಲ್ ಟ್ರ್ಯಾಕ್’ ಅನ್ನುತ್ತಾರೆ. ಬಂಡಿದಾರಿ ಅಂದರೆ ಮುಗಿಯಿತು, ಹೊಸ ಪದವೇ ಬೇಡ.

ಕಷ್ಟ ಶುರುವಾಗುವುದು ಕಬ್ಬು ಮುಗಿದು ಕಾಡು ಹತ್ತಿದ ಮೇಲೆ. ಒಂದೇ ಸೈಕಲ್ ಹಿಡಿಸುವಷ್ಟು ಸಣ್ಣ ದಾರಿ, ಅಡ್ಡಡ್ಡ ಬೇರು, ಎರಡೂ ಕಡೆ ಚೀನಾ ಪೇರಲದ ಪೊದೆ (ಹೊರಗಿನಿಂದ ಬಂದು ಅಲ್ಲಿನ ಕಾಡನ್ನೇ ನುಂಗುತ್ತಿರುವ ಗಿಡ ಅದು), ಮಳೆ ಬಿದ್ದರೆ ಕಲ್ಲು ಪಾಚಿಯಂತೆ ಜಾರುತ್ತದೆ. ನಮ್ಮ ಕಣಶಿಲೆ (ಗ್ರಾನೈಟ್) ಬಂಡೆ ಒಣಗಿದ್ದಾಗ ಟೈರನ್ನು ಗಟ್ಟಿಯಾಗಿ ಹಿಡಿಯುತ್ತದೆ, ಆ ರೂಢಿಯಲ್ಲೇ ಇಳಿಯಲು ಹೋಗಿ ಮೊದಲ ದಿನ ಎರಡು ಸಲ ಬಿದ್ದೆ. ಆಮೇಲೆ ಟೈರಿನ ಹವಾ ಸ್ವಲ್ಪ ಬಿಟ್ಟು ಓಡಿಸಿದೆವು. ಹವಾ ಕಮ್ಮಿ ಇದ್ದರೆ ಟೈರು ಅಗಲವಾಗಿ ನೆಲಕ್ಕೆ ಕೂರುತ್ತದೆ, ಹಿಡಿತ ಸಿಗುತ್ತದೆ.

ಈ ‘ಸಿಂಗಲ್ ಟ್ರ್ಯಾಕ್’ಗೆ ನನ್ನ ಮನಸ್ಸು ‘ಜಾಡು’ ಕಡೆ ವಾಲುತ್ತಿದೆ. ಕಾರಣ ಹೇಳುತ್ತೇನೆ. ಇಂಗ್ಲಿಷಿನ ಟ್ರೇಲ್ ಪದದ ಬೇರಿನಲ್ಲಿ ಎಳೆಯುವುದು ಎಂಬ ಅರ್ಥವಿದೆ. ಏನನ್ನೋ ಎಳೆದುಕೊಂಡು ಹೋದಾಗ ಹಿಂದೆ ಉಳಿಯುವ ಗುರುತು, ಆಮೇಲೆ ಅದೇ ದಾರಿ. ಜಾಡು ಕೂಡ ಹಾಗೇ ಅಲ್ವಾ? ಕುರಿ ಹೋದ ಜಾಡು, ಗಾಲಿ ಜಾಡು, ಕಳ್ಳನ ಜಾಡು. ಆ ಕಾಡಿನ ಹಾದಿಯಿಂದ ಒಂದು ಕಡೆ ಲೆ ಮಾರ್ನ್ ಬೆಟ್ಟ ಕಾಣಿಸಿತು. 556 ಮೀಟರ್ ಎತ್ತರ, ಗೋಡೆಯಂತೆ ನೇರ ಕಡಿದಾದ ಬದಿಗಳು. 18ನೇ ಶತಮಾನದಲ್ಲಿ, 19ನೆಯದರ ಮೊದಲಲ್ಲೂ, ಒಡೆಯರಿಂದ ತಪ್ಪಿಸಿಕೊಂಡ ಗುಲಾಮರು ಅಲ್ಲಿ ಅಡಗಿ ಬದುಕಿದ್ದರು. 2008ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಗುಲಾಮರಿಗೆ ಜಾಡು ಅಂದರೆ ಹತ್ತುವ ದಾರಿಯೂ ಹೌದು, ಹಿಂದೆ ಬಿಡಲೇಬಾರದ ಗುರುತೂ ಹೌದು. ಕಾಲುದಾರಿ ಅಂತ ಬರೆದರೆ ಈ ಎರಡನೆಯದು ಬರುವುದೇ ಇಲ್ಲ.

ಬೇರೆ ಪದಗಳನ್ನೂ ನೋಡಿದೆ. ಹಳಗನ್ನಡದ ‘ಬಟ್ಟೆ’ ದಾರಿಯೇ, ನನಗೆ ತುಂಬಾ ಇಷ್ಟದ ಪದ, ಆದರೆ ಇವತ್ತು ‘ಸೈಕಲ್ ಬಟ್ಟೆ’ ಅಂದರೆ ಮೈಮೇಲೆ ಹಾಕಿಕೊಳ್ಳುವುದು ಅಂತಲೇ ತಿಳಿಯುತ್ತಾರೆ. ‘ಅಡ್ಡದಾರಿ’ ಹಿಡಿದವನು ಅಂದರೆ ಕೆಟ್ಟವನು. ‘ಒಳದಾರಿ’ ಚೆನ್ನಾಗಿದೆ, ಆದರೆ ಅದರಲ್ಲಿ ಬೇಗ ಮುಟ್ಟುವ ಅರ್ಥ ಜಾಸ್ತಿ, ಸೈಕಲ್ ಟ್ರೇಲ್‌ಗೆ ಮುಟ್ಟುವ ಅವಸರವೇ ಇಲ್ಲ.

ಮಾರಿಷಸ್‌ನಲ್ಲಿ ನಮ್ಮ ಜೊತೆ ಬಂದ ಗೈಡ್ ತೆಲುಗು ಮೂಲದವರು. ಮಾತೆಲ್ಲ ಕ್ರಿಯೋಲ್ (ಫ್ರೆಂಚಿನಿಂದ ಹುಟ್ಟಿದ ಅಲ್ಲಿನ ಆಡುಮಾತು), ಫ್ರೆಂಚ್. ಕ್ರಿಯೋಲಿನಲ್ಲಿ ದಾರಿಗೆ ‘ಸಿಮೆ’ ಅಂತಾರಂತೆ, ಫ್ರೆಂಚಿನಿಂದ ಬಂದದ್ದು, ನಮ್ಮ ಸೀಮೆಗೂ ಅದಕ್ಕೂ ನಂಟಿಲ್ಲ. ನಾವಿಬ್ಬರೂ ದಾರಿ ದಾರಿ ಅಂತ ಮಾತಾಡುವುದನ್ನು ಕೇಳಿ ಆತ ಸೈಕಲ್ ನಿಲ್ಲಿಸಿ, ನಮ್ಮಜ್ಜಿ ಕೂಡ ‘ದಾರಿ’ ಅಂತಿದ್ದಳು ಅಂದರು. ತೆಲುಗಿನಲ್ಲೂ ಅದು ದಾರಿಯೇ ತಾನೇ. ಅವರ ಬಾಯಲ್ಲಿ ಆ ಪದ ಕೇಳಿದಾಗಿನಿಂದ ಈ ಲೇಖನದಲ್ಲಿ ಇಂಗ್ಲಿಷ್ ಪದ ಬಿಡಲೇಬೇಕು ಅನ್ನಿಸಿದೆ.

ಈಗ ನನ್ನ ಅನುಮಾನ. ಜಾಡು ತಾನಾಗಿ ಬೀಳುವಂಥದ್ದು. ಬೇಕಂತಲೇ ಅಗೆದು, ತಿರುವು ಕಟ್ಟಿ, ನೀರು ಹರಿದುಹೋಗಲು ಓರೆ ಕೊಟ್ಟು ಮಾಡಿದ ಸೈಕಲ್ ದಾರಿಗೂ ಜಾಡು ಅನ್ನಬಹುದೇ? ನಿಮ್ಮೂರಲ್ಲಿ ದಿನವೂ ಓಡಾಡುವ ಹಾದಿಗೆ ಜಾಡು ಅನ್ನುತ್ತಾರಾ, ಇಲ್ಲ ಬರೀ ಹೆಜ್ಜೆ ಗುರುತಿಗಾ? ಸಂಡೂರಿನ ಗುಡ್ಡದ ಕಡೆಯವರು, ಕುಷ್ಟಗಿ, ಲಿಂಗಸುಗೂರು ಕಡೆ ಕುರಿ ಮೇಯಿಸುವವರ ಮಾತು ಬಲ್ಲವರು ದಯವಿಟ್ಟು ಬರೆಯಿರಿ. ಕುರಿ ಹಿಂಡು ಗುಡ್ಡ ಇಳಿಯುವ ಡೊಂಕು ಹಾದಿಗೆ ಅವರಲ್ಲಿ ಬೇರೆ ಹೆಸರು ಇರಲೇಬೇಕು. ಘಟ್ಟದ ಬೋರ್ಡಿನಲ್ಲಿರುವ ‘ಹಿಮ್ಮುರಿ ತಿರುವು’ ಬಸ್ಸಿಗೆ ಸರಿ, ಸೈಕಲ್ ಹ್ಯಾಂಡಲ್ ಅಷ್ಟೇ ಹಿಡಿಸುವ ಸಣ್ಣ ತಿರುವಿಗೂ ಒಂದು ಪದ ಸಿಕ್ಕರೆ ಅದನ್ನೂ ಹಾಕುತ್ತೇನೆ. ಬರುವ ಭಾನುವಾರದೊಳಗೆ ಲೇಖನ ಮುಗಿಸಬೇಕು.