ಸಿನಿಮಾ ಹಾಡು ಬೇಡ, ಡ್ರಮ್ಸ್ ಆಗ್ತದಾ?

ಮಂಜೇಶ್ವರದ ಟೀಚರ್:
ಮಗಳು ಮಂಗಳೂರಿನ ಒಂದು ಕ್ರೈಸ್ತ ಯೂತ್ ರ‍್ಯಾಲಿಗೆ ಹೋಗಿ ಬಂದಳು. ಸಿನಿಮಾ ಹಾಡು, ರೀಲ್ಸ್ ಎಲ್ಲ ಲೋಕದ್ದು, ಬಿಡಬೇಕು ಅಂದರಂತೆ. ಹೇಳಿದ್ದು ಲೇಸರ್ ಲೈಟು, ಹೊಗೆ, ಡ್ರಮ್ಸ್ ನಡುವೆ ಮಾರಾಯ್ರೆ! ಹಾಡಿದ ಹುಡುಗನ ಜೀನ್ಸಿನಲ್ಲಿ ಬಟ್ಟೆಗಿಂತ ತೂತೇ ಹೆಚ್ಚು. ಇದು ಈಚೆಗೆ ಶುರುವಾದದ್ದಾ?

ಬೇಳದ ಗಿಟಾರು:
ಹೊಸತೇನಲ್ಲ ಟೀಚರ್. 1945ರಲ್ಲಿ ಷಿಕಾಗೋದ ಸೋಲ್ಜರ್ ಫೀಲ್ಡಿನಲ್ಲಿ ‘ಯೂತ್ ಫಾರ್ ಕ್ರೈಸ್ಟ್’ ರ‍್ಯಾಲಿಗೆ ಸುಮಾರು 70,000 ಜನ ಸೇರಿದ್ದರು. 1972ರಲ್ಲಿ ಡಲ್ಲಾಸಿನ ಕ್ರೈಸ್ತ ಯುವಸಮ್ಮೇಳನ ಎಕ್ಸ್‌ಪ್ಲೋದಲ್ಲಿ ಕ್ರೈಸ್ತ ಬೋಧಕ ಬಿಲ್ಲಿ ಗ್ರಹಾಂ ಪ್ರವಚನ, ಜೊತೆಗೆ ಗಾಯಕ ಜಾನಿ ಕ್ಯಾಶ್ ಹಾಡು. ಅಮೆರಿಕದ ಇನ್ನೊಬ್ಬ ಬೋಧಕ ರಾನ್ ಲೂಸ್ ಅವರದ್ದು ಇನ್ನೂ ಮಜಾ. ಎಂಟಿವಿಯಂಥ ಹಾಡಿನ ಚಾನೆಲ್‌ಗಳು ಮಕ್ಕಳನ್ನು ಕೆಡಿಸುತ್ತವೆಂದು ‘ಬ್ಯಾಟಲ್‌ಕ್ರೈ’ ಎಂಬ ರ‍್ಯಾಲಿಗಳನ್ನು ಶುರುಮಾಡಿದರು. ಅಲ್ಲೂ ರಾಕ್ ಬ್ಯಾಂಡು, ದೊಡ್ಡ ಪರದೆ, ಪಟಾಕಿ! ಎಂಟಿವಿಯವರೇ ಬಂದು ನಡೆಸಿಕೊಟ್ಟ ಹಾಗೆ. ಲೂಸ್ ಅವರ ಸಂಸ್ಥೆ ಟೀನ್ ಮೇನಿಯಾ 2015ರಲ್ಲಿ ಮುಚ್ಚಿತು.

ಕುಂಬಳೆಯ ಚೆಂಡೆ:
ಯಕ್ಷಗಾನಕ್ಕೂ ಸಿನಿಮಾ ಧಾಟಿ ಬಂದಿದೆ, ನಾವು ನಗುವ ಹಾಗಿಲ್ಲ. ಆದರೆ ನಾವು ಯಾರಿಗೂ ಸಿನಿಮಾ ಬಿಡಿ ಅನ್ನಲಿಲ್ಲವಪ್ಪ.

ಮಂಜೇಶ್ವರದ ಟೀಚರ್:
ಅದೇ ನನ್ನ ತಕರಾರು. ಸಂಗೀತ ಇರಲಿ, ಆದರೆ ಇವಳು ಫೋನಿನಲ್ಲಿದ್ದ ಹಾಡೆಲ್ಲ ಅಳಿಸಿ ಕೂತಿದ್ದಾಳೆ. ಗಿಟಾರಣ್ಣ, ಆ ಎಕ್ಸ್‌ಪ್ಲೋದ ವಿಡಿಯೊ ಸಿಕ್ಕಿದರೆ ಕಳಿಸಿ, ಅವಳಿಗೆ ತೋರಿಸಬೇಕು.