ಪಿಯುಸಿಯಲ್ಲಿ 95, ಬಿ.ಎಸ್ಸಿಯಲ್ಲಿ ತಲೆಬುಡ ಗೊತ್ತಾಗುತ್ತಿಲ್ಲ: ಓದುಗರ ಸ್ಪಂದನ

(ಕಳೆದ ಸಂಚಿಕೆಯ ಪ್ರಶ್ನೆ: ಶಿರಸಿ ಕಡೆಯ ಹಳ್ಳಿಯವಳು. ಪಿಯುಸಿ ಗಣಿತದಲ್ಲಿ 95 ಬಂದಿತ್ತು. ಬಿ.ಎಸ್ಸಿಯಲ್ಲಿ ರಿಯಲ್ ಅನಾಲಿಸಿಸ್ (ಕ್ಯಾಲ್ಕುಲಸ್ ಯಾಕೆ ಸರಿ ಅಂತ ಸಾಧಿಸಿ ತೋರಿಸುವ ಗಣಿತ) ತಲೆಗೆ ಹತ್ತುತ್ತಿಲ್ಲ. ಥಿಯರಮ್‌ಗಳನ್ನು ಬಾಯಿಪಾಠ ಮಾಡುತ್ತಿದ್ದೇನೆ. ಬಿಟ್ಟುಬಿಡಲೇ?)

ಕೂಸೇ, ಕಾಲೇಜು ಬಿಡಬೇಡ, ಬಾಯಿಪಾಠ ಬಿಡು. ಪಿಯುಸಿಯಲ್ಲಿ ಉತ್ತರ ಬಂದರೆ ಮಾರ್ಕು ಬರುತ್ತಿತ್ತು. ಇಲ್ಲಿ ಉತ್ತರ ಮೊದಲೇ ಗೊತ್ತಿರುತ್ತದೆ, ಯಾಕೆ ಅಂತ ಹೇಳಬೇಕು. n ದೊಡ್ಡದಾದಂತೆ 1/n ಸೊನ್ನೆಯ ಕಡೆ ಹೋಗುತ್ತದೆ ಅನ್ನುವುದನ್ನೇ ತಗೋ. ನೋಡಿದರೇ ಗೊತ್ತಾಗುತ್ತದೆ, ಅಲ್ವಾ? ಆದರೆ ಎದುರಿಗೆ ಒಬ್ಬ ಹಟಮಾರಿ ಕುಳಿತಿದ್ದಾನೆ ಅಂದುಕೋ. ಸೊನ್ನೆಗೆ 0.01ಕ್ಕಿಂತ ಹತ್ತಿರ ಬರುತ್ತದಾ ಅಂತ ಕೇಳುತ್ತಾನೆ. 100ರ ನಂತರದ್ದೆಲ್ಲ ಬರುತ್ತದೆ ಅನ್ನು. 0.001 ಅಂದರೆ? 1000ದ ನಂತರ. ಅವನು ಎಷ್ಟೇ ಚಿಕ್ಕ ಸಂಖ್ಯೆ ಕೇಳಲಿ, 1ನ್ನು ಅದರಿಂದ ಭಾಗಿಸು, ಅದರ ಮುಂದಿನದ್ದೆಲ್ಲ ಸರಿ. ಅವನು ಕೇಳುವುದು ಎಪ್ಸಿಲಾನ್, ನೀನು ಕೊಡುವುದು ದೊಡ್ಡ ಎನ್ (N). ಹೆದರಿಸುವುದು ಆ ಗ್ರೀಕ್ ಅಕ್ಷರ ಮಾತ್ರ.

ಇನ್ನೊಂದು. ಥಿಯರಮ್‌ನಲ್ಲಿರುವ ಒಂದು ಷರತ್ತು ತೆಗೆದು ನೋಡು. ಎರಡೂ ತುದಿ ಒಂದೇ ಎತ್ತರದಲ್ಲಿದ್ದರೆ ನಡುವೆ ಎಲ್ಲೋ ಸ್ಪರ್ಶರೇಖೆ ಅಡ್ಡ ಮಲಗಲೇಬೇಕು ಅನ್ನುವ ರೋಲ್ಸ್ ಥಿಯರಮ್‌ಗೆ ಡಿಫರೆನ್ಷಿಯಬಲ್ (ಗೆರೆಯಲ್ಲಿ ಚೂಪು ಮೂಲೆ ಇರಬಾರದು) ಅನ್ನುವುದು ಯಾಕೆ ಬೇಕು? -1ರಿಂದ 1ರವರೆಗೆ |x| ಗೀಚು. ಎರಡೂ ತುದಿ ಒಂದೇ ಎತ್ತರ, ಆದರೆ ಸ್ಪರ್ಶರೇಖೆ ಎಲ್ಲೂ ಅಡ್ಡ ಮಲಗುವುದಿಲ್ಲ. ಸೊನ್ನೆಯಲ್ಲಿ ಚೂಪು ಮೂಲೆ. ಇಷ್ಟು ಗೀಚಿದವಳಿಗೆ ಆ ಷರತ್ತು ಮರೆಯುವುದಿಲ್ಲ. ಅಂದಹಾಗೆ, ನ್ಯೂಟನ್ ಕಾಲದಲ್ಲಿ ಈ ಎಪ್ಸಿಲಾನ್ ವ್ಯವಹಾರ ಇರಲಿಲ್ಲ. 19ನೇ ಶತಮಾನದಲ್ಲಿ ಗಣಿತಜ್ಞರಾದ ಕೋಶಿ, ವೈಯರ್‌ಸ್ಟ್ರಾಸ್ ಬಂದ ಮೇಲೆ ಇದು ಗಟ್ಟಿಯಾದದ್ದು. ನಿನಗೆ ಒಂದು ಸೆಮಿಸ್ಟರಿನಲ್ಲೇ ಹತ್ತಬೇಕು ಅಂತ ಯಾರು ಹೇಳಿದರು?
– ನಿವೃತ್ತ ಉಪನ್ಯಾಸಕ, ಸಿದ್ದಾಪುರ

ತಂಗೀ, ಸರ್ ಹೇಳಿದ್ದು ಸರಿ, ಆದರೆ ನಾಡಿದ್ದು ಇಂಟರ್ನಲ್ಸ್ ಇದ್ದರೆ ಏನು ಮಾಡ್ತೀಯಾ? ಹಳೆಯ ಪ್ರಶ್ನೆಪತ್ರಿಕೆ ಹಿಡಿ. ಪ್ರೂಫ್ ಓದಿ ಪುಸ್ತಕ ಮುಚ್ಚಿ ಬರಿ. ಎಲ್ಲಿ ಪೆನ್ನು ನಿಲ್ಲುತ್ತದೋ ಆ ಸಾಲು ಮಾತ್ರ ಮತ್ತೆ ನೋಡು. ಎನ್‌ಪಿಟಿಇಎಲ್ ಅನ್ನುವ ಆನ್‌ಲೈನ್ ಪಾಠಗಳ ತಾಣದಲ್ಲಿ ಐಐಟಿ ಮೇಷ್ಟ್ರುಗಳ ಪಾಠ ಪುಕ್ಕಟೆ ಸಿಗುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟೂ ನೆಟ್ಟೂ ಒಟ್ಟಿಗೇ ಹೋಗುತ್ತವೆ, ಇದ್ದಾಗಲೇ ಡೌನ್‌ಲೋಡ್ ಮಾಡಿಟ್ಟುಕೋ. ಎಂ.ಎಸ್ಸಿ ಮನಸ್ಸಿದ್ದರೆ ಕೊನೆಯ ವರ್ಷ ಜಾಮ್ (ಐಐಟಿಗಳ ಎಂ.ಎಸ್ಸಿ ಪ್ರವೇಶ ಪರೀಕ್ಷೆ) ಬರಿ. ಅದರಲ್ಲಿ ರಿಯಲ್ ಅನಾಲಿಸಿಸ್ ಬಂದೇ ಬರುತ್ತದೆ.
– ಎಂ.ಎಸ್ಸಿ ವಿದ್ಯಾರ್ಥಿನಿ, ಕಾರವಾರ

ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಮಾರ್ಕು ಜಾಸ್ತಿ ಬಂತು ಅಂತ ಮನೆಯವರು ಗಣಿತಕ್ಕೆ ಸೇರಿಸಿದ್ದಾ, ಅಥವಾ ನಿಮಗೇ ಬೇಕಿತ್ತಾ? ಪತ್ರದಲ್ಲಿ ಅದನ್ನು ಬರೆದಿಲ್ಲ. ನಿಮಗೇ ಬೇಕಿದ್ದರೆ ಮೇಲಿನವರ ಮಾತು ಕೇಳಿ. ಇಲ್ಲದಿದ್ದರೆ ಈ ವರ್ಷ ಮುಗಿಯುವ ಮೊದಲೇ ಮನೆಯಲ್ಲಿ ಕುಳಿತು ಮಾತಾಡಿ. ಸುಮ್ನೆ ಮೂರು ವರ್ಷ ಎಳೆಯಬೇಡಿ.
– ಗೃಹಿಣಿ, ಹೊನ್ನಾವರ