ಸೀಮಂತಕ್ಕೆ 40 ಪರಿಮಳದ ಮೇಣದಬತ್ತಿ ಮಾಡಬೇಕು, ಆದರೆ ಉರಿಸಿದಾಗ ಘಮವೇ ಬರುತ್ತಿಲ್ಲ. ಏನು ತಪ್ಪು ಮಾಡ್ತಿದ್ದೀನಿ?

ಮಲ್ಲಿಗೆಮೊಗ್ಗು (ಮೈಸೂರು):

ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕನ ಸೀಮಂತಕ್ಕೆ ಇನ್ನು 24 ದಿನ ಇದೆ. ಬಂದವರಿಗೆ ತಾಂಬೂಲದ ಜೊತೆ ಕೊಡುವುದಕ್ಕೆ ನಾನೇ ಕೈಯಾರೆ ಪರಿಮಳದ ಮೇಣದಬತ್ತಿ ಮಾಡಿಕೊಡ್ತೀನಿ ಅಂತ ಒಪ್ಪಿಕೊಂಡಿದ್ದೇನೆ. 40 ಬೇಕು. ಸೋಯಾ ವ್ಯಾಕ್ಸ್ ಒಂದು ಕೆಜಿ ತರಿಸಿ ಮೂರು ಸಲ ಮಾಡಿ ನೋಡಿದೆ, ಮೂರೂ ಸಲ ಸರಿ ಬರಲಿಲ್ಲ.

ಮಾಡಿದ್ದು ಹೀಗೆ. ಕುದಿಯುವ ನೀರಿನ ಮೇಲೆ ಸ್ಟೀಲ್ ಪಾತ್ರೆ ಇಟ್ಟು ಮೇಣ ಕರಗಿಸಿದೆ. ಅಗರಬತ್ತಿಗೆ ಸೆಂಟು ಮಾರುವ ಅಂಗಡಿಯಿಂದ ಮಲ್ಲಿಗೆ ಸೆಂಟು ತಂದಿದ್ದೆ, ಅದನ್ನು ಕಣ್ಣಳತೆಯಲ್ಲಿ ಹಾಕಿ ಚಿಕ್ಕ ಗಾಜಿನ ಲೋಟಗಳಿಗೆ ಸುರಿದೆ. ಲೋಟದ ಬಾಯಿ ಆರೂವರೆ ಸೆಂಟಿಮೀಟರ್ ಇದೆ. ಮಾರನೇ ದಿನ ಮೂಗಿನ ಹತ್ತಿರ ಹಿಡಿದರೆ ಒಳ್ಳೇ ಘಮ, ಹಚ್ಚಿದರೆ ಏನೂ ಇಲ್ಲ. ಬತ್ತಿಯ ಸುತ್ತ ಮಾತ್ರ ಕರಗಿ ಬಾವಿ ತೋಡಿದ ಹಾಗೆ ಕೆಳಗೆ ಹೋಯಿತು, ಪಕ್ಕದ ಮೇಣ ಹಾಗೇ ಗೋಡೆಯ ಥರ ನಿಂತಿತ್ತು. ಎರಡನೇ ಸಲ ಸೆಂಟು ಡಬಲ್ ಹಾಕಿದೆ. ಮೇಲೆಲ್ಲ ಬೆವರಿದ ಹಾಗೆ ಎಣ್ಣೆ ಹನಿ ನಿಂತಿತು, ಬತ್ತಿ ಚಟಚಟ ಅಂತ ಆರಿಹೋಯಿತು. ಮೂರನೇ ಸಲ ಚೆಂದ ಕಾಣಲಿ ಅಂತ ಒಣಗಿಸಿದ ಗುಲಾಬಿ ಪಕಳೆ ಮೇಲೆ ಅಂಟಿಸಿದೆ. ಹಚ್ಚಿ ಹತ್ತು ನಿಮಿಷಕ್ಕೆ ಒಂದು ಪಕಳೆಗೆ ಬೆಂಕಿ ಹತ್ತಿತು, ಊದಿ ಆರಿಸಿದೆ. ಕೈ ಇನ್ನೂ ನಡುಗುತ್ತದೆ ಅದನ್ನು ನೆನೆದರೆ.

ಇದರ ಮೇಲೆ ಮೇಣದ ಮೈಮೇಲೆ ಬೂಷ್ಟು ಹಿಡಿದ ಹಾಗೆ ಬಿಳಿ ಬಿಳಿ ಕಲೆ ಬೇರೆ. ನಿಜವಾದ ಮೈಸೂರು ಮಲ್ಲಿಗೆಯನ್ನೇ ಬಿಸಿ ಮೇಣದಲ್ಲಿ ನೆನೆಸಿದರೆ ಆಗುತ್ತದಾ? ದಯವಿಟ್ಟು ಗೊತ್ತಿರುವವರು ಹೇಳಿ.

ಬತ್ತಿಮೇಣ (ಹುಬ್ಬಳ್ಳಿ):

ಮೊದಲು ಒಂದು ಸಮಾಧಾನ, ಮೇಣದಲ್ಲಿ ದೋಷ ಇಲ್ಲ, ನಿಮ್ಮ ಕೈಯಲ್ಲೂ ಇಲ್ಲ. ನಾನು ಆರು ವರ್ಷದಿಂದ ಮನೆಯಲ್ಲೇ ಮಾಡಿ ಮಾರುತ್ತಿದ್ದೇನೆ, ಶುರುವಿನಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಆಗುವುದು ಇದೇ. ಘಮ ಬರಲಿಲ್ಲ ಅಂದ ಕೂಡಲೇ ಎಲ್ಲರೂ ಸೆಂಟು ಜಾಸ್ತಿ ಮಾಡುತ್ತಾರೆ. ನೋಡಬೇಕಾದದ್ದು ಬತ್ತಿಯನ್ನು.

ಉರಿಯುವ ಮೇಣದಬತ್ತಿಯಲ್ಲಿ ಪರಿಮಳ ಬರುವುದು ಜ್ವಾಲೆಯಿಂದಲ್ಲ, ಅದರ ಸುತ್ತ ಕರಗಿ ನಿಂತ ಮೇಣದ ಕೊಳದಿಂದ. ಕೊಳ ಅಗಲವಾದಷ್ಟೂ ಘಮ ಜಾಸ್ತಿ. ನಿಮ್ಮದು ಬಾವಿ ತೋಡಿದ ಹಾಗೆ ಇಳಿಯಿತು ಅಂದಿರಲ್ಲ, ಅಂದರೆ ಬತ್ತಿ ಆ ಲೋಟಕ್ಕೆ ಸಣ್ಣದಾಯಿತು. ಟೀಲೈಟಿಗೆ, ಅಂದರೆ ತಗಡಿನ ಬಟ್ಟಲಿನ ಪುಟ್ಟ ಮೇಣದಬತ್ತಿಗೆ ಬರುವ ತೆಳು ಬತ್ತಿ ಇರಬೇಕು ಅದು. ನಾಲ್ಕಾಣೆ ಅಗಲದ ಕೊಳದಿಂದ ಒಂದು ರೂಮಿಗೆ ಎಲ್ಲಿಂದ ಘಮ ಬರಬೇಕು ಹೇಳಿ? ಒಂದೇ ಲೋಟಕ್ಕೆ ಸಣ್ಣ, ಮಧ್ಯಮ, ದಪ್ಪ ಅಂತ ಮೂರು ಅಳತೆಯ ಬತ್ತಿ ತರಿಸಿ, ಮೂರು ಲೋಟ ಮಾಡಿ ಉರಿಸಿ ನೋಡಿ. ಬಾಯಿ ಅಗಲ ಪ್ರತಿ ಇಂಚಿಗೆ ಸುಮಾರು ಒಂದು ಗಂಟೆ ಅಂತ ಲೆಕ್ಕ. ನಿಮ್ಮದು ಎರಡೂವರೆ ಇಂಚು, ಹಾಗಾಗಿ ಎರಡೂವರೆ ಗಂಟೆಯ ಒಳಗೆ ಕೊಳ ಅಂಚು ಮುಟ್ಟಬೇಕು. ಇದು ಮೊದಲ ಸಲವೇ ಆಗಬೇಕು. ಮೊದಲ ಸಲ ಅರ್ಧ ಗಂಟೆ ಉರಿಸಿ ಆರಿಸಿದರೆ ಮುಂದಿನ ಸಲವೂ ಮೇಣ ಆ ಗೆರೆಯವರೆಗೇ ಕರಗುತ್ತದೆ, ಬಾವಿ ಆಳವಾಗುತ್ತಾ ಹೋಗುತ್ತದೆ. ದೇವರ ದೀಪಕ್ಕೆ ಹೊಸೆಯುವ ಹತ್ತಿ ಬತ್ತಿ ಇದಕ್ಕೆ ಆಗುವುದಿಲ್ಲ, ಎಣ್ಣೆಗೆ ಅದು ಸರಿ, ಮೇಣದಲ್ಲಿ ನೆಟ್ಟಗೆ ನಿಲ್ಲುವುದಿಲ್ಲ. ಹೆಣೆದ, ಮೇಣ ಹಚ್ಚಿದ, ತಳಕ್ಕೆ ತಗಡಿನ ಬಿಲ್ಲೆ ಇರುವ ಬತ್ತಿಯೇ ಬೇಕು.

ಇನ್ನು ಸೆಂಟು. ಅಗರಬತ್ತಿಗೆ ಅಂತ ಮಾಡಿದ್ದರಲ್ಲಿ ತೆಳು ಮಾಡುವುದಕ್ಕೆ ಡಿಇಪಿ ಅಂತ ಒಂದು ದ್ರವ ಬೆರೆಸಿರುವುದು ಸಾಮಾನ್ಯ. ಕಡ್ಡಿಗೆ ಅದು ಸರಿ, ಮೇಣಕ್ಕೆ ನಂಬಿ ಹಾಕುವ ಹಾಗಿಲ್ಲ. ಅದೇ ಅಂಗಡಿಯಲ್ಲಿ ಮೇಣದಬತ್ತಿಗೆ ಅಂತಲೇ ಇರುವ ಫ್ರಾಗ್ರೆನ್ಸ್ ಆಯಿಲ್ ಕೇಳಿ. ಅಳತೆ ಮಾತ್ರ ತೂಕದಲ್ಲೇ ಆಗಬೇಕು, ಕಣ್ಣಳತೆ ಬೇಡ, ಮಿಲಿ ಲೆಕ್ಕವೂ ಬೇಡ. ಸೋಯಾಗೆ 6ರಿಂದ 10% ಸಾಮಾನ್ಯ, ನಾನು 8% ಹಾಕುತ್ತೇನೆ. ಅದಕ್ಕಿಂತ ಜಾಸ್ತಿಯಾದರೆ ಮೇಣ ಹಿಡಿದಿಟ್ಟುಕೊಳ್ಳಲಾರದೆ ಹೊರಗೆ ಬಿಡುತ್ತದೆ, ನೀವು ಕಂಡ ಬೆವರು ಅದೇ. ಬತ್ತಿಯೂ ಆ ಎಣ್ಣೆ ಕುಡಿದು ಕಟ್ಟಿಕೊಳ್ಳುತ್ತದೆ.

ಒಂದು ಥರ್ಮಾಮೀಟರ್ ತಗೊಳ್ಳಿ. ಮೇಣ 80 ಡಿಗ್ರಿ ಹತ್ತಿರ ಇರುವಾಗ ಎಣ್ಣೆ ಹಾಕಿ ಎರಡು ನಿಮಿಷ ನಿಧಾನವಾಗಿ ತಿರುಗಿಸಿ, 60ಕ್ಕೆ ಇಳಿದಾಗ ಲೋಟಕ್ಕೆ ಸುರಿಯಿರಿ. ಜೋರಾಗಿ ತಿರುಗಿಸಿದರೆ ಗಾಳಿಗುಳ್ಳೆ ಸೇರುತ್ತದೆ. ಇವು ಸಾಮಾನ್ಯ ಲೆಕ್ಕ, ನಿಮ್ಮ ಮೇಣದ ಪ್ಯಾಕೆಟ್ ಮೇಲೆ ಬೇರೆ ಇದ್ದರೆ ಅದನ್ನೇ ಅನುಸರಿಸಿ.

ಮತ್ತೆ ಮುಖ್ಯವಾದದ್ದು, ಮಾರನೇ ದಿನವೇ ಹಚ್ಚಬೇಡಿ. ಸೋಯಾ ಮೇಣ ಮಾಗಬೇಕು, ಉಪ್ಪಿನಕಾಯಿ ಥರ. ಕನಿಷ್ಠ ಒಂದು ವಾರ, ಎರಡು ವಾರ ಬಿಟ್ಟರೆ ಇನ್ನೂ ಒಳ್ಳೆಯದು. ಸಾಮಾನ್ಯ ಮೇಣದಬತ್ತಿಯ ಪ್ಯಾರಾಫಿನ್ ಮೇಣ ಆದರೆ ಎರಡು ಮೂರು ದಿನ ಸಾಕು.

ಬಿಳಿ ಕಲೆ ಬೂಷ್ಟಲ್ಲ. ಸೋಯಾ ಎಣ್ಣೆಯ ಕೊಬ್ಬು ನಿಧಾನವಾಗಿ ಹರಳುಗಟ್ಟುವುದರಿಂದ ಆಗುವುದು. ಘಮಕ್ಕೂ ಉರಿಗೂ ಏನೂ ತೊಂದರೆ ಇಲ್ಲ. ಬಣ್ಣ ಹಾಕದೆ ಬಿಳಿಯಾಗೇ ಬಿಟ್ಟರೆ ಕಾಣುವುದೂ ಇಲ್ಲ.

ಕಡಲತಡಿ (ಉಡುಪಿ):

ಮಲ್ಲಿಗೆ ನೆನೆಸುವ ಬಗ್ಗೆ ನಾನು ಹೇಳುತ್ತೇನೆ, ಯಾಕೆಂದರೆ ಅದನ್ನು ಮಾಡಿ ನೋಡಿದ್ದೇನೆ. ಶಂಕರಪುರ ಮಲ್ಲಿಗೆ ಒಂದು ಚೆಂಡು ಬಿಡಿಸಿ ಬಿಸಿ ಮೇಣಕ್ಕೆ ಹಾಕಿದ್ದೆ. ಹೂವಿನ ನೀರಿಗೆ ಮೇಣ ಚುರುಗುಟ್ಟಿತು, ಐದು ನಿಮಿಷಕ್ಕೆ ಹೂವೆಲ್ಲ ಚಹಾ ಸೊಪ್ಪಿನ ಬಣ್ಣಕ್ಕೆ ತಿರುಗಿತು, ಬೇಯಿಸಿದ ಸೊಪ್ಪಿನ ವಾಸನೆ ಬಂತು. ಮಲ್ಲಿಗೆ ಘಮ ಶಾಖ ತಡೆಯುವುದಿಲ್ಲ. ಅದಕ್ಕೇ ನಿಂಬೆಹುಲ್ಲಿನ ಎಣ್ಣೆ ತೆಗೆದ ಹಾಗೆ ಹಬೆಯಲ್ಲಿ ಮಲ್ಲಿಗೆ ಎಣ್ಣೆ ತೆಗೆಯುವುದಿಲ್ಲ, ದ್ರಾವಕದಲ್ಲಿ ತೆಗೆಯುತ್ತಾರೆ. ಮೊಗ್ಗು ಕಿತ್ತ ಮೇಲೂ ರಾತ್ರಿ ಬಿರಿಯುತ್ತಾ ಘಮ ಬಿಡುತ್ತಲೇ ಇರುತ್ತದಲ್ಲ, ಹಾಗಾಗಿ ಹಿಂದಿನ ಕಾಲದಲ್ಲಿ ತಣ್ಣನೆಯ ಕೊಬ್ಬಿನ ಮೇಲೆ ಹೂವು ಹರಡಿ, ಬಾಡಿದ್ದು ತೆಗೆದು ಹೊಸದು ಹಾಕಿ, ದಿನಗಟ್ಟಲೆ ಆ ಪರಿಮಳ ಹಿಡಿಯುತ್ತಿದ್ದರು. ನಿಮಗೆ ಅಷ್ಟು ಸಮಯ ಇಲ್ಲ. ಹೂವನ್ನು ಅಕ್ಕನ ಮುಡಿಗೆ ಇಡಿ, ಮೇಣಕ್ಕೆ ಸೆಂಟೇ ಸರಿ.

ಅಲಂಕಾರ ಬೇಕೇ ಬೇಕು ಅಂದರೆ ಬತ್ತಿ ಇಲ್ಲದ ವ್ಯಾಕ್ಸ್ ಮೆಲ್ಟ್ ಮಾಡಿ. ಚಾಕೊಲೇಟ್ ಮಾಡುವ ಸಿಲಿಕೋನ್ ಅಚ್ಚಿಗೆ ಮೇಣ ಸುರಿದು, ಮೇಲೆ ಕೆನೆ ಕಟ್ಟುವಾಗ ಒಂದು ಗುಲಾಬಿ ಪಕಳೆ, ಎರಡು ದವನದ ಎಸಳು ಇಟ್ಟರೆ ಎಷ್ಟು ಚೆಂದ ಕಾಣುತ್ತದೆ ಗೊತ್ತಾ. ಅದನ್ನು ಬರ್ನರ್ ಬಟ್ಟಲಿನಲ್ಲಿ ಇಟ್ಟು ಕೆಳಗಿನಿಂದ ಬಿಸಿ ಮಾಡುತ್ತಾರೆ, ಪಕಳೆಗೆ ಜ್ವಾಲೆ ತಾಗುವ ಮಾತೇ ಇಲ್ಲ. ಲೋಟಕ್ಕೆ ಸುರಿಯುವ ಸೋಯಾ ಮೇಣ ಒಂದನ್ನೇ ಹಾಕಿದರೆ ಇದಕ್ಕೆ ಮೆತ್ತಗಾಗುತ್ತದೆ, ನಮ್ಮ ಕರಾವಳಿಯ ಸೆಕೆಗಂತೂ ಕೈಗೆ ಅಂಟುತ್ತದೆ. ಐದನೇ ಒಂದು ಪಾಲು ಜೇನುಮೇಣ ಸೇರಿಸಿದರೆ ಅಚ್ಚಿನಿಂದ ಟಪ್ ಅಂತ ಬಿಟ್ಟುಕೊಳ್ಳುತ್ತದೆ. ಘಮ ಮುಗಿದ ಮೇಲೆ ಮೇಣ ಅಷ್ಟೇ ಉಳಿದಿರುತ್ತದೆ, ಅದು ಆವಿಯಾಗುವುದಿಲ್ಲ. ಬೆಚ್ಚಗಿರುವಾಗ ಹತ್ತಿಯಲ್ಲಿ ಒರೆಸಿ ತೆಗೆದು ಹೊಸದು ಹಾಕುವುದು. ಸಿಂಕಿಗೆ ಮಾತ್ರ ಸುರಿಯಬೇಡಿ, ಪೈಪು ಕಟ್ಟುತ್ತದೆ.

ಒಂದೇ ಚಿಂತೆ, 40 ಮನೆಯಲ್ಲಿ ಬರ್ನರ್ ಇರುತ್ತದಾ? ಇರದಿದ್ದರೆ ಲೋಟದ ಮೇಣದಬತ್ತಿಯೇ ಮಾಡಿ, ಅಲಂಕಾರವನ್ನೂ ಮೇಣದಲ್ಲೇ ಮಾಡಿ. ಉಳಿದ ಮೇಣ ಹಿಟ್ಟಿನ ಹದಕ್ಕೆ ಬಂದಾಗ ಬೆರಳಲ್ಲಿ ಹೊಸೆದರೆ ಮಲ್ಲಿಗೆ ಮೊಗ್ಗಿನ ಆಕಾರ ಸುಲಭವಾಗಿ ಬರುತ್ತದೆ, ತುದಿ ಸ್ವಲ್ಪ ಚೂಪು ಮಾಡಿ, ತೊಟ್ಟಿಗೆ ಹಸಿರು ಮೇಣದ ಚುಕ್ಕೆ ಇಡಿ. ಲೋಟದ ಅಂಚಿನಲ್ಲಿ ಮೂರೇ ಮೂರು ಮೊಗ್ಗು ಸಾಕು. ಉರಿಯುವಾಗ ಅದೂ ಕರಗಿ ಕೊಳಕ್ಕೆ ಸೇರುತ್ತದೆ. ಹಸಿರಿಗೆ ಮೇಣದಬತ್ತಿಯ ಬಣ್ಣವೇ ಹಾಕಿ. ಅಡುಗೆ ಬಣ್ಣ ನೀರಿನದು, ಬೆರೆಯುವುದಿಲ್ಲ. ಅರಿಶಿನ ಕುಂಕುಮ, ಮಕ್ಕಳ ಕ್ರೇಯಾನ್ ಇವುಗಳ ಪುಡಿ ಬತ್ತಿಗೆ ಸೇರಿ ಕಟ್ಟಿಕೊಳ್ಳುತ್ತದೆ.

ಮಲ್ಲಿಗೆಮೊಗ್ಗು (ಮೈಸೂರು):

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಬತ್ತಿ ಪ್ಯಾಕೆಟ್ ತೆಗೆದು ನೋಡಿದೆ, ನಿಜ, ಟೀಲೈಟಿನದ್ದೇ. ಬರ್ನರ್ ನಮ್ಮ ನೆಂಟರಲ್ಲಿ ಯಾರ ಹತ್ತಿರವೂ ಇಲ್ಲ, ಲೋಟವೇ ಮಾಡುತ್ತೇನೆ. ಲೋಟದ ಬದಲು ತೆಂಗಿನ ಕರಟದಲ್ಲಿ ಮಾಡಿದರೆ ಚೆಂದ ಅಂತ ಅಮ್ಮ ಹೇಳ್ತಿದ್ದಾರೆ, ಹೇಗೆ?

ಲಾವಂಚ (ಶಿವಮೊಗ್ಗ):

ಕರಟ ಬೇಡ. ಕರಟ ಅಂದರೆ ಸೌದೆ, ನಮ್ಮ ಬಚ್ಚಲ ಒಲೆಗೆ ಅದನ್ನೇ ಹಾಕುತ್ತೇವೆ. ಮೇಣ ತಳ ಮುಟ್ಟಿದಾಗ ಕರಟವೇ ಹತ್ತಿಕೊಳ್ಳಬಹುದು. ಮಣ್ಣಿನ ಹಣತೆಯೂ ಹಾಗೇ ಬಳಸಿದರೆ ಮೇಣ ಹೀರಿಕೊಳ್ಳುತ್ತದೆ. ದಪ್ಪ ಗಾಜು ಅಥವಾ ಸ್ಟೀಲೇ ಸರಿ.

ಬೆಂಕಿ ವಿಷಯಕ್ಕೆ ಇನ್ನೊಂದು ಮಾತು. ನೀವು ನೀರಿನ ಮೇಲೆ ಪಾತ್ರೆ ಇಟ್ಟು ಕರಗಿಸಿದ್ದು ಬಹಳ ಸರಿ. ಕುದಿಯುವ ನೀರು 100 ಡಿಗ್ರಿ ದಾಟುವುದಿಲ್ಲ, ಮೇಣವೂ ದಾಟುವುದಿಲ್ಲ. ನಾನು ಒಂದು ಸಲ ಆತುರಕ್ಕೆ ಪಾತ್ರೆಯನ್ನು ನೇರ ಗ್ಯಾಸ್ ಮೇಲೆ ಇಟ್ಟು ಬಾಗಿಲಿಗೆ ಯಾರೋ ಬಂದರು ಅಂತ ಹೋದೆ. ವಾಪಸ್ ಬರುವಾಗ ಪಾತ್ರೆಯಿಂದ ಬಿಳಿ ಹೊಗೆ ಎದ್ದಿತ್ತು. ಇನ್ನು ಸ್ವಲ್ಪ ಹೊತ್ತಾಗಿದ್ದರೆ ಹತ್ತಿಕೊಳ್ಳುತ್ತಿತ್ತು. 40 ಲೋಟ ಮಾಡುವಾಗ ನಿಮಗೂ ಆತುರ ಆಗುತ್ತದೆ, ಅದಕ್ಕೇ ಹೇಳ್ತಿದ್ದೀನಿ. ಪಾತ್ರೆಗೆ ಸರಿಯಾಗಿ ಕೂರುವ ಮುಚ್ಚಳ ಪಕ್ಕದಲ್ಲೇ ಇಟ್ಟುಕೊಳ್ಳಿ. ಅಕಸ್ಮಾತ್ ಮೇಣ ಹತ್ತಿಕೊಂಡರೆ ಗ್ಯಾಸ್ ಆರಿಸಿ ಮುಚ್ಚಳ ಮುಚ್ಚಬೇಕು. ನೀರು ಹಾಕಲೇಬಾರದು, ಹಾಕಿದರೆ ಉರಿಯುವ ಮೇಣ ಎಲ್ಲ ಕಡೆ ಸಿಡಿಯುತ್ತದೆ.

ಮತ್ತೆ ಅಕ್ಕನನ್ನು ಕೇಳಿದಿರಾ? ಬಸುರಿಯಲ್ಲಿ ಕೆಲವು ಘಮ ಆಗುವುದೇ ಇಲ್ಲ. ನನಗೆ ಆ ಒಂಬತ್ತು ತಿಂಗಳು ಸಂಪಿಗೆ ಹೂವು ಮನೆಯೊಳಗೆ ಬರುವ ಹಾಗಿರಲಿಲ್ಲ. ಪರೀಕ್ಷೆಗೆ ಉರಿಸುವುದನ್ನೂ ಅಕ್ಕ ಇರುವ ಕೋಣೆಯಿಂದ ದೂರ, ಕಿಟಕಿ ತೆಗೆದು ಮಾಡಿ.

ಬತ್ತಿಮೇಣ (ಹುಬ್ಬಳ್ಳಿ):

ಲಾವಂಚ ಅವರು ಹೇಳಿದ್ದು ನಿಜ, ಸೆಂಟು ತರುವ ಮೊದಲು ಅಕ್ಕನಿಗೆ ಮೂಸಲು ಕೊಡಿ. ಲೆಕ್ಕ ನಾನು ಹಾಕಿಕೊಡುತ್ತೇನೆ. ಒಂದು ಲೋಟಕ್ಕೆ 75 ಗ್ರಾಂ ಮೇಣ, 6 ಗ್ರಾಂ ಎಣ್ಣೆ. 40ಕ್ಕೆ 3 ಕೆಜಿ ಮೇಣ, 240 ಗ್ರಾಂ ಎಣ್ಣೆ. ಪರೀಕ್ಷೆಗೆ, ಹಾಳಾಗುವುದಕ್ಕೆ ಅಂತ ಅರ್ಧ ಕೆಜಿ ಮೇಣ ಜಾಸ್ತಿ ತರಿಸಿ, ಎಣ್ಣೆಯೂ 40 ಗ್ರಾಂ ಜಾಸ್ತಿ ಇರಲಿ. ಒಂದೇ ಸಲ ಎಲ್ಲ ಕರಗಿಸಬೇಡಿ, ಕೆಜಿ ಕೆಜಿಯಾಗಿ ಮಾಡಿ, ಒಂದು ಕೆಜಿಗೆ 13 ಲೋಟ ಬರುತ್ತದೆ. ಈ ಶನಿವಾರ ಮೂರು ಬತ್ತಿಯ ಮೂರು ಲೋಟ ಸುರಿಯಿರಿ, ಬುಧವಾರ ಉರಿಸಿ. ಪೂರ್ತಿ ಮಾಗಿರುವುದಿಲ್ಲ, ಆದರೆ ಯಾವ ಬತ್ತಿ ಸರಿ ಅಂತ ತೀರ್ಮಾನಿಸುವುದಕ್ಕೆ ಅಷ್ಟು ಸಾಕು. ಪರೀಕ್ಷೆಯ ಲೋಟಕ್ಕೂ ಎಣ್ಣೆ ಹಾಕಲೇಬೇಕು, ಎಣ್ಣೆ ಇದ್ದಾಗ ಉರಿಯುವ ರೀತಿಯೇ ಬೇರೆ. ಮುಂದಿನ ಭಾನುವಾರದೊಳಗೆ ಎಲ್ಲ ಸುರಿದು ಮುಗಿಸಿದರೆ ಮಾಗುವುದಕ್ಕೆ ಎರಡು ವಾರ ಸಿಗುತ್ತದೆ.

ಮಲ್ಲಿಗೆಮೊಗ್ಗು (ಮೈಸೂರು):

ಬುಧವಾರ ಉರಿಸಿದೆ, ಹಿತ್ತಿಲ ಕಡೆ ಕೋಣೆಯಲ್ಲಿ. ಸಣ್ಣ ಬತ್ತಿ ಎರಡೂವರೆ ಗಂಟೆಯಾದರೂ ಸುತ್ತ ಒಂದು ಬೆರಳಗಲ ಮೇಣ ಹಾಗೇ ಬಿಟ್ಟಿತ್ತು. ದಪ್ಪದ್ದು ಒಂದೇ ಗಂಟೆಗೆ ಅಂಚು ಮುಟ್ಟಿತು, ಆದರೆ ಜ್ವಾಲೆ ಎತ್ತರಕ್ಕೆ ಕುಣಿದು ಲೋಟದ ಬಾಯಿಗೆಲ್ಲ ಕಾಡಿಗೆ ಹಿಡಿಯಿತು, ಲೋಟ ಮುಟ್ಟುವ ಹಾಗಿರಲಿಲ್ಲ. ಮಧ್ಯಮದ್ದು ಎರಡು ಗಂಟೆ ಹತ್ತು ನಿಮಿಷಕ್ಕೆ ಸರಿಯಾಗಿ ಅಂಚಿಗೆ ಬಂತು. ನಾನು ಆಗ ಅಡುಗೆಮನೆಯಲ್ಲಿದ್ದೆ, ಒಗ್ಗರಣೆಯ ನಡುವೆಯೂ ಘಮ ಅಲ್ಲಿಗೇ ಬಂತು! ಅಮ್ಮ ಬಂದು ಯಾರು ಹೂವು ತಂದಿದ್ದು ಅಂತ ಕೇಳಿದರು. ಅಷ್ಟು ಖುಷಿಯಾಯಿತು ನನಗೆ.

ಘಮ ದವನದ್ದು. ಅಕ್ಕನಿಗೆ ಮಲ್ಲಿಗೆ, ಗುಲಾಬಿ, ದವನ ಮೂರೂ ಮೂಸಲು ಕೊಟ್ಟೆ. ಮಲ್ಲಿಗೆಗೆ ತಕ್ಷಣ ಮುಖ ತಿರುಗಿಸಿದಳು, ತಿಂಗಳಿಂದ ಮುಡಿಯುತ್ತಲೂ ಇಲ್ಲವಂತೆ, ನನಗೆ ಗೊತ್ತೇ ಇರಲಿಲ್ಲ. ದವನ ಮಾತ್ರ ಇನ್ನೊಂದು ಸಲ ಕೊಡು ಅಂದಳು. ಭಾನುವಾರ ಮೂರು ಸುತ್ತಿನಲ್ಲಿ 39 ಲೋಟ ಸುರಿದೆ, ಇನ್ನೊಂದು ನಾಳೆ. ಮೇಣದ ಮೊಗ್ಗು ಹೊಸೆಯುತ್ತಾ ಅಮ್ಮನೂ ಕೂತರು, ಅವರ ಮೊಗ್ಗು ನನ್ನದಕ್ಕಿಂತ ಚೆಂದ ಬಂದಿವೆ. ಗುಲಾಬಿ ಪಕಳೆಯನ್ನು ಡಬ್ಬದ ಹೊರಗೆ ಅಂಟಿಸುತ್ತೇನೆ.

ಡಬ್ಬದೊಳಗೆ ಒಂದು ಚೀಟಿ ಇಡೋಣ ಅಂತ. ಹೀಗೆ ಬರೆದಿದ್ದೇನೆ: ಮೊದಲ ಸಲ ಎರಡೂವರೆ ಗಂಟೆ ಉರಿಸಿ. ಪ್ರತಿ ಸಲ ಹಚ್ಚುವ ಮೊದಲು ಬತ್ತಿಯನ್ನು ಅರ್ಧ ಸೆಂಟಿಮೀಟರಿಗೆ ಕತ್ತರಿಸಿ. ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಇನ್ನೇನಾದರೂ ಬಿಟ್ಟಿದ್ದೀನಾ?

ಕಡಲತಡಿ (ಉಡುಪಿ):

ಫ್ಯಾನ್ ಕೆಳಗೆ ಉರಿಸಬೇಡಿ ಅಂತ ಸೇರಿಸಿ, ಗಾಳಿಗೆ ಜ್ವಾಲೆ ಒಂದೇ ಕಡೆ ವಾಲಿ ಗಾಜು ಕಪ್ಪಾಗುತ್ತದೆ. ತಳದಲ್ಲಿ ಒಂದು ಸೆಂಟಿಮೀಟರ್ ಮೇಣ ಉಳಿದಾಗ ನಿಲ್ಲಿಸಿ ಅಂತಲೂ ಬರೆಯಿರಿ. ಲೋಟ ತೊಳೆದು ಚಹಾ ಕುಡಿಯುವುದಕ್ಕೆ ಬಳಸಬೇಡಿ ಅಂತ ಒಂದು ಸಾಲು ಇರಲಿ, ನಮ್ಮ ಮನೆಗಳಲ್ಲಿ ಗಾಜಿನ ಲೋಟ ಯಾರೂ ಎಸೆಯುವುದಿಲ್ಲ. ಮೊಗ್ಗಿನ ಫೋಟೋ ಹಾಕಿ, ಅಮ್ಮನದ್ದೂ ಹಾಕಿ.